ದೇವಾಪುರಕ್ಕೆ ತಪ್ಪಿದ ಪಾಳಿ

ಮೊರದಲ್ಲಿದ್ದ ತೊಗರಿಬೇಳೆಯ ಕಲ್ಲು ಆರಿಸುತ್ತ ಪರಿಮಳಾ ಅರ್ಧ ಮುಗಿಸಿದ್ದಳು. ಅಷ್ಟರಲ್ಲಿ ಬಾಗಿಲ ಮುಂದೆ ಬೈಕೊಂದು ಬಂದು ನಿಂತಿತು.

ಹಿಂದಿನ ಸೀಟಿಗೆ ಹಳೆಯ ಚಾದರದಲ್ಲಿ ಸುತ್ತಿ, ಹಗ್ಗದಿಂದ ಬಿಗಿದ ಕಂಪ್ಯೂಟರ್ ಪೆಟ್ಟಿಗೆ. ಬೈಕಿನವನು ಅದನ್ನು ಬಿಚ್ಚಿ, ಎರಡೂ ಕೈಯಲ್ಲಿ ಎತ್ತಿ ತಂದು ಕಟ್ಟೆಯ ಮೇಲಿಟ್ಟ. ಸುರಪುರದಿಂದ ಶಹಾಪುರದವರೆಗಿನ ಧೂಳೆಲ್ಲ ಅವನ ಮುಖದ ಮೇಲಿತ್ತು.

"ಪರಿಮಳಾ ಅಂದ್ರ ನೀವೇನ್ರಿ?"

ಬೇಳೆಯೊಳಗೆ ಓಡಾಡುತ್ತಿದ್ದ ಅವಳ ಬೆರಳುಗಳು ಅಲ್ಲೇ ನಿಂತವು.

ಮುಖ ಗೊತ್ತಿರಲಿಲ್ಲ. ಆದರೆ ಆ ದನಿ... ಎರಡು ವರ್ಷದಿಂದ ಪ್ರತಿ ರವಿವಾರ ಸಂಜೆ ಫೋನಿನಲ್ಲಿ ಕೇಳಿದ ದನಿ.

ಹಣಮೇಶ.

ಎಷ್ಟೋ ಸಲ ಅವಳು ಈ ಮೊದಲ ಭೇಟಿಯನ್ನು ಮನಸ್ಸಿನಲ್ಲೇ ಕಂಡಿದ್ದಳು. ತಿಂಥಣಿಯಲ್ಲಿ ಹೊಳೆ ದಂಡೆ, ತನ್ನ ಹಸಿರು ಸೀರೆ, ಅವನ ನಗು... ಈಗ ನೋಡಿದರೆ ತಲೆ ಬಾಚಿಲ್ಲ, ಮಡಿಲ ತುಂಬ ಬೇಳೆಯ ಹೊಟ್ಟು. ಅವನ ಮುಖದಲ್ಲಿ ನಗುವೂ ಇಲ್ಲ.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಆ 'ನೀವು'. ಫೋನಿನಲ್ಲಿ ಅವನು 'ನೀ' ಎನ್ನಲು ಶುರುಮಾಡಿ ವರ್ಷವೇ ಆಗಿತ್ತು.

"ಹೌದ್ರಿ, ನಾನ," ಎಂದಳು.

"ದೇವಾಪುರದ ಪೆಟ್ಟಿಗಿ ಇದು. ಸೋಮವಾರ ಮುಂಜಾನಿ ಪಟ್ಟಿ ಬರಲಿಲ್ಲ. ನಿಮ್ಮ ಪಾಳಿ ನಿಂತುಬಿಟ್ಟದ."

ಪಾಳಿ ಎಂದರೆ ಏನೆಂದು ಇಲ್ಲಿ ಹೇಳಬೇಕು. ಕಾಲುವೆಯ ನೀರು ಹೊಲಗಳಿಗೆ ಹಂಚಿಕೆಯಾಗುವುದೇ ಪಾಳಿಯ ಮೇಲೆ. ಯಾವ ಹೊಲಕ್ಕೆ ಯಾವ ದಿನ, ಎಷ್ಟು ತಾಸು. ಒಂದು ಸಲ ಮೇಲಿನ ಹೊಲದಿಂದ ಶುರುವಾದರೆ, ಮರುಸಲ ಕೊನೆಯ ಹೊಲದಿಂದ. ಇದು ಹಿಂದಿನಿಂದ ಬಂದ ಪದ್ಧತಿ. ಆ ಭಾಗದ ಹನ್ನೊಂದು ನೀರು ಬಳಕೆದಾರರ ಸಂಘಗಳು ಈಗ ಅದನ್ನು ಕಂಪ್ಯೂಟರಿನಲ್ಲಿ ಮಾಡುತ್ತವೆ. ಒಂದು ಸಂಘದಲ್ಲಿ ಪಟ್ಟಿ ಅಚ್ಚಾಗುತ್ತದೆ, ಇನ್ನೊಂದರಿಂದ ರೈತರ ಫೋನಿಗೆ ಮೆಸೇಜ್ ಹೋಗುತ್ತದೆ. ಪ್ರೋಗ್ರಾಂ ಬೇರೆ ಬೇರೆಯಾದರೂ ಪಾಳಿಯ ಸರದಿ ಹಾಕುವ ಕೋಡ್ ಎಲ್ಲರಿಗೂ ಒಂದೇ. ಎಲ್ಲರೂ ಹಂಚಿಕೊಂಡ ಆ ಲೈಬ್ರರಿಯನ್ನು ಬರೆದವಳು ಪರಿಮಳಾ. ಹೆಸರೂ 'ಪಾಳಿ' ಎಂದೇ ಇಟ್ಟಿದ್ದಳು. ದೇವಾಪುರದ ಸಂಘದಲ್ಲಿ ಅದನ್ನು ನಡೆಸುವ ಕಂಪ್ಯೂಟರ್ ನೋಡಿಕೊಳ್ಳುವವನು ಹಣಮೇಶ.

"ನಿಂತದ ಅಂದ್ರ... ಹೆಂಗ?"

"ಹೊಸಾ ಪಾಳಿ ತಾನಾಗೇ ಇಳಕೊಂಡದ. ಅದು ಹತ್ತರ ಭಾಷಾ. ಇದು ಎಂಟರ ಮಿಷನ್. ತಿಳೀಲಿಲ್ಲ ಇದಕ್ಕ. ಸಂಘದವರು ಹೋದ ಸಲದ ಪಟ್ಟಿನ ಗೋಡಿಗಿ ಅಂಟಿಸಿಬಿಟ್ರು. ಈ ಸಲ ಕೊನೀ ಹೊಲದಿಂದ ಸುರು ಆಗಬೇಕಿತ್ತು, ಹಳೇ ಪಟ್ಟಿ ಮ್ಯಾಲಿಂದ ಸುರು ಮಾಡ್ತು. ನೀರು ಕೆಳಗ ಬರೂದ್ರಾಗ ಗೇಟ್ ಇಳಿಸಿದ್ರು."

ಅವನು ಬಿಚ್ಚಿದ ಹಗ್ಗವನ್ನು ಕೈಗೆ ಸುತ್ತಿಕೊಂಡ.

"ಏಳ ಹೊಲಕ್ಕ ನೀರು ಮುಟ್ಟಿಲ್ಲ. ಶರೀಫಾಬೀದು ಒಂದೆಕರೆ ಶೇಂಗಾ, ಹೂವಿಗಿ ಬಂದಿತ್ತು. ಹಿಂದಿನ ಸಲನೂ ಆಕೀಗಿ ಅರ್ಧಾನ ಸಿಕ್ಕಿತ್ತು. ಇನ್ನ ಹತ್ತ ದಿನ ನೀರಿಲ್ಲ ಆಕೀಗಿ."

ಪರಿಮಳಾ ಎದ್ದು ನಿಂತಳು. ಮೊರ ಓರೆಯಾಗಿ ಬೇಳೆ ನೆಲಕ್ಕೆ ಚೆಲ್ಲಿತು.

ಪಾಳಿ ಬರೆದದ್ದು ಪೈಥಾನ್ ಎಂಬ ಭಾಷೆಯಲ್ಲಿ. ವರ್ಷಕ್ಕೊಮ್ಮೆ ಅದರ ಹೊಸ ಆವೃತ್ತಿ ಬರುತ್ತದೆ. ಮೂರು ಪಾಯಿಂಟ್ ಎಂಟು, ಮೂರು ಪಾಯಿಂಟ್ ಹತ್ತು. ಇವರ ಬಾಯಲ್ಲಿ ಬರೀ ಎಂಟು, ಹತ್ತು. ಹಳೆಯ ಕಂಪ್ಯೂಟರುಗಳಲ್ಲಿ ಎಂಟರ ಆಚೆಗಿನದು ಕೂಡುವುದೇ ಇಲ್ಲ. ಹಾಗೆಂದು ಎಂಟಕ್ಕೇ ಅಂಟಿಕೊಂಡಿರಲೂ ಆಗದು. ಮಾಡಿದವರೇ ಅದರ ರಿಪೇರಿ ನಿಲ್ಲಿಸಿದ್ದಾರೆ. ಲೈಬ್ರರಿಗೆ ಕನಿಷ್ಠ ಯಾವ ಆವೃತ್ತಿ ಬೇಕೆಂದು ನಿರ್ಧರಿಸುವವಳು ಪರಿಮಳಾ. ಹತ್ತು ಎಂದು ಅವಳು ನಿರ್ಧರಿಸಿದ್ದಳು. ಆದರೆ ಕೇಳದೆ ಮಾಡಿರಲಿಲ್ಲ...

"ನವೆಂಬರದಾಗ ಹನ್ನೊಂದು ಸಂಘಕ್ಕೂ ಫಾರ್ಮ್ ಕಳಿಸಿದ್ದೆ," ಎಂದಳು. ಫೋನಿನಲ್ಲಿ ಆ ಉತ್ತರ ಹುಡುಕಿ ತೆರೆದಳು. "ನಿಮ್ಮಲ್ಲಿ ಯಾವ ಆವೃತ್ತಿ ಅದ ಅಂತ. ದೇವಾಪುರದ್ದು ಉತ್ತರ ಬಂದದ. ಎಲ್ಲಾ ಹೊಸಾವು ಅಂತದ. ಕೆಳಗ ನಿಮ್ಮ ಹೆಸರದ, ನೋಡ್ರಿ."

ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅವಳ ಫೋನ್ ಹಿಡಿದ. ಓದಿದ. ಮತ್ತೊಮ್ಮೆ ಓದಿದ.

"ಇದು ನಾ ಬರದದ್ದಲ್ಲ."

"ಹೆಸರು..."

"ಹೆಸರು ನಂದ. ಬರದದ್ದು ನಾ ಅಲ್ಲ."

"ಹಂಗಾರ ಯಾರು?"

ಅವನು ಬಾಯಿ ತೆರೆದ. ಏನೋ ಹೊಳೆದವನಂತೆ ಮುಚ್ಚಿ, ಫೋನ್ ಅವಳ ಕೈಗಿತ್ತ. ಆಮೇಲೆ ಅವಳ ಕಣ್ಣನ್ನೇ ನೋಡಿ ಕೇಳಿದ.

"ಎರಡು ವರ್ಷ ಮಾತಾಡೀವಿ. ನಾ ಸುಳ್ಳ ಹೇಳ್ತೀನಿ ಅಂತ ಅನಸ್ತದೇನು ನಿಮಗ?"

'ಇಲ್ಲ ಅನ್ನು ಪರಿಮಳಾ... ಇಲ್ಲ ಅಂದುಬಿಡು...'

ಒಂದೇ ಮಾತು ಸಾಕಿತ್ತು. ಆದರೆ ಎದೆಯಲ್ಲಿ ಹೆದರಿಕೆ ಕೂತಿತ್ತು. ತಪ್ಪು ಅವನದಲ್ಲ ಎಂದರೆ ಮತ್ತೆ ಯಾರದು?

"ಬರವಣಿಗ್ಯಾಗ ಇದ್ದದ್ದನ್ನ ನಾ ನಂಬಬೇಕಲ್ರಿ," ಎಂದಳು.

ಅವನು ತಲೆಯಾಡಿಸಿದ. ಪೆಟ್ಟಿಗೆಗೆ ಮತ್ತೆ ಚಾದರ ಸುತ್ತತೊಡಗಿದ.

ಒಳಗಿನಿಂದ ಅವಳ ತಾಯಿ ಮೋನಮ್ಮ ಚಹಾ ಹಿಡಿದು ಬಂದಳು. "ಬಿಸಿಲಾಗ ಬಂದೀಯಪಾ, ಚಾ ಕುಡದ ಹೋಗು."

"ಇನ್ನೊಮ್ಮೆ ಬಂದಾಗ ಕುಡೀತೀನಿ ಯವ್ವಾ."

ಬೈಕು ತಿರುವಿನಲ್ಲಿ ಮರೆಯಾಯಿತು. ಪರಿಮಳಾ ಕೂತು, ಚೆಲ್ಲಿದ ಬೇಳೆಯನ್ನು ಬಳಿಯತೊಡಗಿದಳು.

"ಯಾರ ಅಂವ?"

"ಕಂಪ್ಯೂಟರದವ್ರು."

"ಕಂಪ್ಯೂಟರದವರ ಸಲುವಾಗಿ ಯಾರೂ ಬ್ಯಾಳಿಯಾಗ ಕಣ್ಣೀರ ಹಾಕಲ್ಲ," ಎಂದಳು ಮೋನಮ್ಮ. "ಮೊರ ಕೊಡು ಇಲ್ಲಿ."

*

ಮಧ್ಯಾಹ್ನ ಊಟ ಬಿಟ್ಟು ಪರಿಮಳಾ ಪಾಳಿಯ ಕಡತಗಳನ್ನು ತೆರೆದು ಕೂತಳು. ಗಂಟೆ ಮೂರಾಗುವಷ್ಟರಲ್ಲಿ ಸಿಕ್ಕಿತು. ಸಿಗಬಾರದಿತ್ತು ಅನ್ನಿಸಿತು.

ಪ್ರತಿ ಲೈಬ್ರರಿಯ ಹಣೆಯ ಮೇಲೂ ಒಂದು ಸಾಲು ಇರುತ್ತದೆ: ಕನಿಷ್ಠ ಆವೃತ್ತಿ ಇಷ್ಟು. ಯಂತ್ರ ಮೊದಲು ಆ ಸಾಲು ಓದುತ್ತದೆ. ತನ್ನಲ್ಲಿರುವುದು ಅದಕ್ಕಿಂತ ಹಳೆಯದಾದರೆ ಹೊಸದನ್ನು ಮುಟ್ಟುವುದಿಲ್ಲ. ತನ್ನ ಹಳೆಯ ಲೈಬ್ರರಿಯಲ್ಲೇ ತೆಪ್ಪಗೆ ಕೆಲಸ ಮಾಡಿಕೊಂಡಿರುತ್ತದೆ.

ಪರಿಮಳಾ ಒಳಗಿನ ಕೋಡನ್ನೆಲ್ಲ ಹತ್ತಕ್ಕೆ ಬದಲಿಸಿದ್ದಳು. ತನ್ನ ಹೊಸ ಯಂತ್ರದಲ್ಲಿ ಓಡಿಸಿ ನೋಡಿದ್ದಳು. ಆದರೆ ಆ ಸಾಲು...

ಆ ಸಾಲಿನಲ್ಲಿ ಇನ್ನೂ ಎಂಟು ಎಂದೇ ಇತ್ತು.

ದೇವಾಪುರದ ಯಂತ್ರ ಅದನ್ನು ಓದಿದೆ. ನನಗೂ ನಡೆಯುತ್ತದೆ ಎಂದು ನಂಬಿ ಇಳಿಸಿಕೊಂಡಿದೆ.

'ಫಾರ್ಮ್ ಖರೆ ಇರಲಿ, ಸುಳ್ಳಿರಲಿ... ಈ ಒಂದು ಸಾಲು ಸರಿ ಇದ್ದಿದ್ದರೆ ನೀರು ತಪ್ಪುತ್ತಿರಲಿಲ್ಲ. ತಪ್ಪು ನಂದು. ಪೂರಾ ನಂದು.'

ಸಾಲು ಸರಿಪಡಿಸಿ, ಎಂಟರ ಯಂತ್ರ ಹಿಂದಿನ ಪಾಳಿಗೇ ಮರಳುವಂತೆ ಮಾಡಿ ಕಳಿಸಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಅನಂತರ ಹನ್ನೊಂದು ಸಂಘಗಳಿಗೂ ಒಂದು ಪತ್ರ ಬರೆದಳು. ತಪ್ಪು ನನ್ನದು, ದೇವಾಪುರದ ಹಣಮೇಶ ಅವರದಲ್ಲ ಎಂದು. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು...

ಫೋನ್ ಬಂತು. ಸಂಘಗಳ ಒಕ್ಕೂಟದ ಅಧ್ಯಕ್ಷ ಪಂಪಣ್ಣ.

"ತಂಗಿ, ನೀ ಮನಸಿಗಿ ಹಚ್ಚಿಕೋಬ್ಯಾಡ. ದೇವಾಪುರದಾಂವ ಸುಳ್ಳ ಫಾರ್ಮ್ ತುಂಬ್ಯಾನ. ಈ ವಾರದಾಗ ಸಂಘದ ಕೀಲಿ ಇಸಗೊಂಡು ಅಂವಗ ಕೆಲಸಾ ಬಿಡಸ್ತೀವಿ. ನಿನ್ನಂಥಾಕಿ ಇದ್ದದ್ದಕ್ಕ ಪಾಳಿ ನಡದದ ನೋಡು."

ಈಗ ಹೇಳಬೇಕು. ಈಗಲೇ.

"ಹೂಂನ್ರಿ," ಎಂದಳು ಪರಿಮಳಾ.

ಪತ್ರ ಕರಡಿನಲ್ಲೇ ಉಳಿಯಿತು.

ಅವಳನ್ನು ಕೆಟ್ಟವಳೆನ್ನಬೇಡಿ. ಅಪ್ಪ ದ್ಯಾವಪ್ಪ ಹಾಸಿಗೆ ಹಿಡಿದಾಗ ಕಾಲೇಜು ಬಿಟ್ಟವಳು. ಯಾರೋ ಬಿಸಾಕಿದ ಕಂಪ್ಯೂಟರಿನ ಮುಂದೆ ಕೂತು ತಾನೇ ಕಲಿತವಳು. ದ್ಯಾವಪ್ಪನ ಮಗಳು ಎನ್ನುತ್ತಿದ್ದ ಓಣಿಯ ಜನ ಈಗ 'ಪಾಳಿ ಪರಿಮಳಾ' ಎನ್ನುತ್ತಿದ್ದರು. ಅದೊಂದು ಹೋದರೆ ತನ್ನದೆಂದು ಹೇಳಿಕೊಳ್ಳಲು ಏನೂ ಉಳಿಯುತ್ತಿರಲಿಲ್ಲ.

ಆದರೂ ರವಿವಾರ ಸಂಜೆಗಳು ಬರುತ್ತಿದ್ದವು. ಫೋನ್ ಬರುತ್ತಿರಲಿಲ್ಲ.

ಮೊದಲೆಲ್ಲ ಅವನು ಏನಾದರೂ ದೋಷ ಬರೆದು ಕಳಿಸಿದರೆ ಕೊನೆಯಲ್ಲಿ ಒಂದು ಹೆಚ್ಚಿನ ಮಾತು ಇರುತ್ತಿತ್ತು. 'ಇವತ್ತ ಕಾಲುವಿ ದಂಡ್ಯಾಗ ಬೆಳ್ಳಕ್ಕಿ ಸಾಲಾಗಿ ಕುಂತಿದ್ವು.' ಇನ್ನೊಮ್ಮೆ, 'ಕೋಡ್ ಛಲೋ ಅದ, ಆದ್ರ ಊಟಾ ಮಾಡಿ ಬರಿ. ಹಸದಾಗ ಬರದದ್ದು ಗೊತ್ತಾಗ್ತದ.' ಈಗ ದೇವಾಪುರದಿಂದ ಬೇರೆ ಯಾರೋ 'ಓಕೆ' ಎಂದಷ್ಟೇ ಬರೆಯುತ್ತಿದ್ದರು.

ಫೆಬ್ರವರಿ ಹೋಯಿತು. ಮಾರ್ಚ್ ಹೋಯಿತು. ಕರಡು ತೆರೆಯುವಳು, ಒಂದು ಶಬ್ದ ತಿದ್ದುವಳು, ಮುಚ್ಚುವಳು. ಅವನು ವಡಗೇರಾದಲ್ಲಿ ಮೋಟಾರ್ ರಿಪೇರಿ ಅಂಗಡಿಗೆ ಸೇರಿದ್ದಾನೆಂದು ಯಾರೋ ಹೇಳಿದರು. ಆ ದಿನ ಅವಳಿಗೆ ರೊಟ್ಟಿ ಗಂಟಲಿಗಿಳಿಯಲಿಲ್ಲ.

*

ಮೇ ತಿಂಗಳಲ್ಲಿ ಯಾದಗಿರಿಯಲ್ಲಿ ಸಭೆ ಕರೆದರು. ಮುಂಗಾರಿನ ಪಾಳಿ ಶುರುವಾಗುವ ಮೊದಲು ಕನಿಷ್ಠ ಆವೃತ್ತಿಯ ವಿಷಯ ಮುಗಿಸಬೇಕಿತ್ತು. ಫ್ಯಾನುಗಳು ಬಿಸಿಗಾಳಿಯನ್ನೇ ತಿರುಗಿಸುತ್ತಿದ್ದವು. ಪರಿಮಳಾ ಒಬ್ಬೊಬ್ಬರ ಬಳಿ ಹೋಗಿ ಹೊಸದಾಗಿ ಬರೆದುಕೊಳ್ಳುತ್ತಿದ್ದಳು.

ದೇವಾಪುರದ ಕಾರ್ಯದರ್ಶಿ ವಿಶ್ವರಾಧ್ಯ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. "ನಮ್ಮಲ್ಲಿ ಎಲ್ಲಾ ಹೊಸಾವು. ಬರಕೋ."

"ಇಲ್ರಿ. ಆ ಪೆಟ್ಟಿಗಿ ನಾನ ಕಂಡೀನಿ. ಎಂಟರದ್ದದ."

"ಜರಾ ಸಣ್ಣಕ ಮಾತಾಡವಾ." ಅವನು ಪಕ್ಕಕ್ಕೆ ಬಾಗಿದ. "ವಡಗೇರಾ ಸಂಘದೋರ ಮುಂದ ನಮ್ಮವು ಎಲ್ಲಾ ಹೊಸಾವು ಅಂತ ಹೇಳಿ ಕುಂತೀನಿ. ಈಗ ಹಳೇವು ಅಂತ ಬರಸಿದ್ರ ನಗೂದಿಲ್ಲೇನು? ಹೋದ ಸಲನೂ ಹಂಗ ಬರದೀನಿ."

ಪರಿಮಳಾಳ ಕೈಯಲ್ಲಿದ್ದ ಪೆನ್ನು ನಿಂತಿತು.

"ಹೋದ ಸಲ... ಹಣಮೇಶ ಅವರು ತುಂಬಿದ್ದಲ್ಲೇನ್ರಿ?"

"ಅಂವಗ ಯಾರ ಕೇಳ್ಯಾರ? ಕಂಪ್ಯೂಟರ್ ನೋಡಿಕೊಳ್ಳೋರ ಹೆಸರು ಅಂತ ಜಾಗಾ ಇತ್ತು, ಅಂವನ ಹೆಸರು ಹಾಕಿದೆ. ಅಂವಗೂ ಗೊತ್ತಾಗ್ಯದ. ಒಂದ ಮಾತ ಆಡಲಿಲ್ಲ ಬಿಡು, ಒಳ್ಳೇ ಹುಡುಗ."

'ಹೆಸರು ನಂದ. ಬರದದ್ದು ನಾ ಅಲ್ಲ.' ಅಷ್ಟು ಸ್ಪಷ್ಟವಾಗಿ ಹೇಳಿದ್ದನಲ್ಲ...

ಮುಂದಿನ ಕುರ್ಚಿಯಿಂದ ಪಂಪಣ್ಣ ಕೂಗಿದ. "ಏನಾತು ತಂಗಿ? ಹತ್ತ ಮಾಡಿ ಮುಗಸು. ಒಂದ ಊರಿನ ಸಲುವಾಗಿ ಹತ್ತ ಊರು ಹಿಂದ ಉಳೀಬೇಕೇನು?"

ಎಲ್ಲರ ಮುಖ ಅವಳ ಕಡೆ ತಿರುಗಿತು. ಹೇಳಬೇಕೆಂದು ಎದ್ದಳು. ಆದರೆ ಬಾಯಿಗೆ ಬಂದದ್ದು ಬೇರೆ ಮಾತು.

"ಸಂಜೀತನ ವ್ಯಾಳ್ಯಾ ಕೊಡ್ರಿ. ಬರದ ಕಳಸ್ತೀನಿ," ಎಂದಷ್ಟೇ ಹೇಳಿ ಚೀಲ ಹೆಗಲಿಗೇರಿಸಿ ಹೊರಬಿದ್ದಳು.

ಬಸ್ ನಿಲ್ದಾಣದಲ್ಲಿ ಶಹಾಪುರದ ಬಸ್ಸು ಹೊರಡಲು ನಿಂತಿತ್ತು. ಅವಳು ಅದರ ಪಕ್ಕದ ವಡಗೇರಾ ಬಸ್ಸು ಹತ್ತಿದಳು. ಭೀಮಾ ಸೇತುವೆ ದಾಟುವಾಗ ಒಂದು ಸಲ ಅನ್ನಿಸಿತು, ಇಳಿದು ಹಿಂದಿರುಗಲೇ ಎಂದು. ಇಳಿಯಲಿಲ್ಲ.

*

ಹಣಮೇಶ ಕೆಲಸಕ್ಕಿದ್ದ ಲಾಡ್ಲೇಸಾಬರ ಮೋಟಾರ್ ಅಂಗಡಿಯ ತುಂಬ ಬಿಚ್ಚಿದ ಪಂಪು, ಸುಟ್ಟ ತಂತಿಯ ವಾಸನೆ. ಮೂಲೆಯಲ್ಲಿ ಅವನು ತಲೆ ತಗ್ಗಿಸಿ ತಾಮ್ರದ ತಂತಿ ಸುತ್ತುತ್ತಿದ್ದ. ತುಟಿ ಅಲ್ಲಾಡುತ್ತಿತ್ತು.

"ಹದಿನೇಳು... ಹದಿನೆಂಟು..."

"ಈಗ ಕರೀಬ್ಯಾಡವಾ," ಎಂದರು ಲಾಡ್ಲೇಸಾಬ. "ಎಣಿಕಿ ತಪ್ಪಿದ್ರ ಪೂರಾ ಬಿಚ್ಚಬೇಕು. ಹೆಂಡ್ತಿ ಬಂದ್ರೂ ತಲಿ ಎತ್ತಾಂವ ಅಲ್ಲ ಅಂವ."

"ಹೆಂಡ್ತಿ..." ಪರಿಮಳಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಲಗ್ನ ಆಗ್ಯಾರೇನ್ರಿ?"

"ಬಂದ್ರ ಅಂದೆ. ಎಲ್ಲಿ ಬರ್ತಾಳ, ಈ ಮಾರಿ ನೋಡಿ." ಲಾಡ್ಲೇಸಾಬ ನಗುತ್ತ ಸ್ಟೂಲು ಸರಿಸಿಕೊಟ್ಟರು.

ಹಣಮೇಶ ತಲೆ ಎತ್ತಲಿಲ್ಲ. ಆದರೆ ತಂತಿ ಸುತ್ತುವ ಕೈ ಒಂದು ಕ್ಷಣ ತಡವರಿಸಿತು. "ಇಪ್ಪತ್ತೆರಡು..."

ಅವನ ಎಣಿಕೆ ಮುಗಿಯುವವರೆಗೆ ಕಾದರೆ ಧೈರ್ಯ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಸ್ಟೂಲಿನ ತುದಿಗೆ ಕೂತು ಮಾತಾಡತೊಡಗಿದಳು.

"ಫಾರ್ಮ್ ವಿಶ್ವರಾಧ್ಯ ತುಂಬಿದ್ರಂತ. ಇವತ್ತ ಗೊತ್ತಾತು."

"ಇಪ್ಪತ್ತಾರು..."

"ಅವತ್ತ ನೀವು ಹೇಳಿದ್ರಿ. ನಾ ನಂಬಲಿಲ್ಲ. ಅದು ಒಂದ ತಪ್ಪು."

"ಮೂವತ್ತು..."

"ಅದಕ್ಕಿಂತಾ ದೊಡ್ಡದು ಇನ್ನೊಂದದ. ಕನಿಷ್ಠ ಆವೃತ್ತಿದ ಸಾಲು ನಾ ಬದಲಿ ಮಾಡಿರಲಿಲ್ಲ. ಒಳಗ ಹತ್ತರ ಕೋಡ್, ಮ್ಯಾಲ ಎಂಟು ಅಂತ ಬೋರ್ಡು. ನಿಮ್ಮ ಮಿಷನ್ ನನ್ನ ನಂಬಿ ಕೆಟ್ಟಿತು. ಅವತ್ತ ಮಧ್ಯಾಹ್ನನ ಗೊತ್ತಾಗಿತ್ತು ನನಗ. ನಾಕ ತಿಂಗಳಾತು... ಯಾರಿಗೂ ಹೇಳಿಲ್ಲ."

ಮುಂದಿನ ಎಣಿಕೆ ಕೇಳಿಸಲಿಲ್ಲ.

"ಗೊತ್ತು," ಎಂದ ಹಣಮೇಶ.

ಕೈ ನಿಂತಿತ್ತು. ತಂತಿ ಸಡಿಲಾಗಿ ಜೋತುಬಿದ್ದಿತ್ತು.

"ಏನ ಗೊತ್ತು?"

"ಆ ಸಾಲು. ಮರುದಿನನ ತಗದು ನೋಡಿದೆ, ನೀ ತಿದ್ದಿದ್ದು ಕಂಡ್ತು."

"ಗೊತ್ತಿದ್ದೂ ಸುಮ್ನಿದ್ರಿ? ಕೀಲಿ ಇಸಗೊಂಡಾಗೂ?"

"ಹೇಳಿದ್ರ ಪಾಳಿ ನಿನ್ನ ಕೈಯಾಗಿಂದ ತಗೀತಿದ್ರು."

"ತಗೀಲಿ. ನಿನಗ ಯಾರ ಹೇಳಿದ್ರು, ನನ್ನ ಸಲುವಾಗಿ ಇಷ್ಟೆಲ್ಲಾ ಹೊರು ಅಂತ?" ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು.

"ಪುಣ್ಯಾ ಮಾಡೀನಿ ಅಂತ ತಿಳಕೋಬ್ಯಾಡ," ಎಂದ ಅವನು. ದನಿ ಒರಟಾಗಿತ್ತು. "ದಿನಾ ಸಿಟ್ಟು ಬರ್ತಿತ್ತು ನನಗ. ಇವತ್ತ ಹೇಳ್ತಾಳ, ನಾಳಿಗಿ ಹೇಳ್ತಾಳ ಅಂತ ಕಾದೀನಿ. ನಾನ ಹೇಳಿದ್ರ ಅದು ಚಾಡಿ. ನೀನ ಹೇಳಬೇಕಿತ್ತು. ಶರೀಫಾಬೀ ನನ್ನ ಕಂಡ್ರ ಮಾರಿ ತಿರುವ್ತಿದ್ಲು. ಕೊಡದಾಗ ನೀರ ಹೊತ್ತ ಹಾಕಿದೆ, ನಾಕ ಸಾಲು ಉಳೀತು. ಉಳಿದದ್ದು ಒಣಗಿ ಹೋತು."

ಪರಿಮಳಾ ಮುಖ ಮುಚ್ಚಿಕೊಂಡಳು. ಲಾಡ್ಲೇಸಾಬ ಎದ್ದು, ಚಹಾ ತರುತ್ತೇನೆಂದು ಹೊರಗೆ ಹೋದರು. ಚಹಾದ ಅಂಗಡಿ ಎದುರಿಗೇ ಇದ್ದರೂ ಬಹಳ ಹೊತ್ತು ಬರಲಿಲ್ಲ.

"ಎಷ್ಟಕ್ಕ ಬಂದಿತ್ತು ಎಣಿಕಿ?" ಎಂದು ಕೊನೆಗೆ ಅವಳೇ ಕೇಳಿದಳು.

"ಮರತೆ."

"ಬಿಚ್ಚಬೇಕೇನು?"

"ಬಿಚ್ಚಬೇಕು."

ಅವಳು ಸ್ಟೂಲು ಹತ್ತಿರಕ್ಕೆಳೆದುಕೊಂಡು ತಂತಿಯ ತುದಿ ಹಿಡಿದಳು. ಅವನು ಬಿಚ್ಚುತ್ತ ಹೋದ, ಅವಳು ಗಂಟಾಗದಂತೆ ಕೈಗೆ ಸುತ್ತಿಕೊಳ್ಳುತ್ತ ಹೋದಳು.

ಆಮೇಲೆ ಫೋನ್ ತೆಗೆದು ಅವನ ಮುಂದೆ ಹಿಡಿದಳು. "ಪತ್ರ ಬರದೀನಿ. ಹನ್ನೊಂದು ಸಂಘಕ್ಕ. ಓದು."

ಅವನು ನಿಧಾನವಾಗಿ ಓದಿದ. "ತಾರೀಕು ಜನವರಿದದ."

"ಅವತ್ತ ಬರದದ್ದು."

"ಅದನ್ನ ತಗೀಬ್ಯಾಡ. ಕಳಿಸಿದ್ದು ಇವತ್ತ ಅಂತನೂ ಬರಿ."

ಅವಳು ಬರೆದಳು. 'ಈ ಪತ್ರ ನಾಲ್ಕು ತಿಂಗಳು ತಡವಾಗಿದೆ. ಆ ತಡವೂ ನನ್ನದೇ. ಶರೀಫಾಬೀ ಅವರ ಹೊಲಕ್ಕೆ ಹೋಗಿ ನಾನೇ ಕ್ಷಮೆ ಕೇಳುತ್ತೇನೆ.' ಸ್ವಲ್ಪ ಯೋಚಿಸಿ ಇನ್ನೂ ಸೇರಿಸಿದಳು. 'ದೇವಾಪುರದ ಯಂತ್ರ ಎಂಟರದ್ದು, ನಾನೇ ಕಂಡಿದ್ದೇನೆ. ಹತ್ತು ಮಾಡಿದರೆ ಮುಂದಿನ ತಿದ್ದುಪಡಿ ಯಾವುದೂ ಅದಕ್ಕೆ ಮುಟ್ಟುವುದಿಲ್ಲ. ಹನ್ನೊಂದರಲ್ಲಿ ಒಂದು ಯಂತ್ರ ಎಂಟರದ್ದಿದ್ದರೂ ಪಾಳಿಯ ಕನಿಷ್ಠ ಆವೃತ್ತಿ ಎಂಟೇ ಇರುತ್ತದೆ. ಇನ್ನು ಮುಂದೆ ಅದನ್ನು ಫಾರ್ಮ್ ನೋಡಿ ಅಲ್ಲ, ಆಯಾ ಊರಿಗೆ ಹೋಗಿ, ಯಂತ್ರದ ಮುಂದೆ ಕೂತು ಬರೆದುಕೊಳ್ಳುತ್ತೇನೆ. ಪಾಳಿಯನ್ನು ಬೇರೆಯವರ ಕೈಗೆ ಕೊಡುವುದಾದರೆ, ಅವರಿಗೂ ಇದೇ ನನ್ನ ಕೋರಿಕೆ.'

"ಎಂಟರಾಗ ಬರಿಯೂದು ನಿನಗ ತ್ರಾಸ ಆಗ್ತದಲ್ಲ," ಎಂದ ಹಣಮೇಶ.

"ಆಗಲಿ. ಎರಡು ಸಾಲಿನಾಗ ಆಗೂದು ಹತ್ತು ಸಾಲು ಆಗ್ತದ, ಅಷ್ಟ."

"ಪಂಪಣ್ಣ ಬಿಡಾಂವಲ್ಲ. ಪಾಳಿ ಹೋಗಬಹುದು ಪರಿಮಳಾ."

"ಹೋಗಬಹುದು." ಅವಳು ಅವನತ್ತ ತಿರುಗಿದಳು. "ರವಿವಾರ ಸಂಜೀಕ ಫೋನ್ ಹಿಡಕೊಂಡ ಕುಂದರ್ತಿದ್ದೆ. ನಾಕ ತಿಂಗಳು. ಪಾಳಿ ಇತ್ತು, ಆದ್ರ ಅದನ್ನ ತಗದು ನೋಡಾಕ ಮನಸಾಗ್ತಿರಲಿಲ್ಲ."

ಅವನು ತನ್ನ ಕೈಗಳನ್ನು ನೋಡಿಕೊಂಡ. ತಾಮ್ರದ ಪುಡಿ ಹತ್ತಿದ್ದವು.

"ಬೆಳ್ಳಕ್ಕಿ ಬಂದ್ರ ಯಾರಿಗಿ ಬರೀಬೇಕು ಅನ್ನೂದ ಗೊತ್ತಾಗ್ತಿರಲಿಲ್ಲ ನನಗ," ಎಂದ.

"ನನಗ ಬರಿ."

"ಬರದ್ರ ಉತ್ತರ ಕೊಡ್ತೀಯೇನು? ನಾಕ ತಿಂಗಳ ಹಚ್ಚಲ್ಲಲ್ಲ?"

ಅವಳಿಗೆ ಅಳುವಿನ ನಡುವೆಯೇ ನಗು ಬಂತು. "ಎದುರಿಗೇ ಕುಂತ್ರ ಬರಿಯೂದ್ಯಾಕ ಬೇಕು?"

"ಎದುರಿಗಿ ಅಂದ್ರ... ದಿನಾನಾ?"

"ದಿನಾ."

ಹಣಮೇಶ ಕೈಯನ್ನು ಅಂಗಿಗೆ ಒರೆಸಿಕೊಂಡು ಫೋನ್ ಹಿಡಿದ ಅವಳ ಕೈಯ ಕೆಳಗಿಟ್ಟ.

"ಕಳಸು," ಎಂದ.

ಪರಿಮಳಾ ಹನ್ನೊಂದು ಹೆಸರುಗಳನ್ನೂ ಒಂದೊಂದಾಗಿ ನೋಡಿಕೊಂಡಳು. ಮೊದಲನೆಯದು ದೇವಾಪುರ. ಆಮೇಲೆ ಗುಂಡಿ ಒತ್ತಿದಳು.

ಪತ್ರ ಹೋಯಿತು.